ಮೂರು ಕಡಲೆಯ ಸದ್ದು

ಸಾರವಾಡ,
ತಾರೀಖು ೧೯ ಮಾರ್ಚ್ ೧೯೪೪, ರವಿವಾರ

ತಾಯವ್ವನ ಅಪ್ಪನವರಿಗೆ ಅಕ್ಕನಾಗಮ್ಮ ಕೈಮುಗಿದು ಮಾಡುವ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಹಿಂದಿನ ಕಾಗದದಲ್ಲಿ ಹಿಮ್ಮಡಿ ಒಡೆದು ಬೂಟು ಹಾಕಲು ಆಗುತ್ತಿಲ್ಲ ಎಂದು ಬರೆದಿದ್ದಿರಿ. ಅಲ್ಲಿ ಕೊಬ್ಬರಿ ಎಣ್ಣೆ ಸಿಗುತ್ತದೆಯೋ ಇಲ್ಲವೋ. ಸಿಗದಿದ್ದರೆ ಯಾರನ್ನಾದರೂ ಕೇಳಿ ತೆಗೆದುಕೊಳ್ಳಿ, ಲಾರಿಗೆ ಹಚ್ಚುವ ಗ್ರೀಸನ್ನು ಮಾತ್ರ ಕಾಲಿಗೆ ಹಚ್ಚಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತು. ಕೆಮ್ಮು ಕಡಿಮೆಯಾಯಿತೇ? ನೀವಿರುವ ಊರಿನ ಹೆಸರಿನ ಮೇಲೆ ನಿಮ್ಮ ದಂಡಿನ ಸಾಹೇಬರು ಈ ಸಲವೂ ಕರಿ ಮಸಿ ಬಳಿದು ಕಳಿಸಿದ್ದಾರೆ, ಹಾಗಾಗಿ ಅಲ್ಲಿ ಚಳಿಯೋ ಬಿಸಿಲೋ ನನಗೆ ತಿಳಿಯದು. ಅಪ್ಪ ಎಲ್ಲಿದ್ದಾನೆ ಎಂದು ತಾಯವ್ವ ಕೇಳಿದಾಗ ಆ ಮಸಿಯನ್ನೇ ತೋರಿಸಿ ಇಲ್ಲಿದ್ದಾನೆ ಎಂದೆ. ಈಗ ಮನೆಗೆ ಬಂದವರಿಗೆಲ್ಲ ಕಾಗದ ಹಿಡಿದು ಅಪ್ಪನ ಊರು ಎಂದು ಆ ಕರಿ ಚುಕ್ಕೆ ತೋರಿಸುತ್ತಾಳೆ. ನಾಲ್ಕು ವರ್ಷಕ್ಕೆ ಮಾತು ನಿಮ್ಮ ಹಾಗೆಯೇ, ಶುರುವಾದರೆ ಮುಗಿಯುವುದಿಲ್ಲ. ನಿಮ್ಮ ಸಾಹೇಬರು ನನ್ನ ಈ ಕಾಗದವನ್ನೂ ಒಡೆದು ಓದುವುದಿದ್ದರೆ ಓದಲಿ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಮುಚ್ಚಿಟ್ಟು ಸಾಕಾಗಿದೆ.

ಸಾಲುಗಳು ಡೊಂಕಾಗಿವೆ ಎಂದು ನೀವು ಇಷ್ಟು ಹೊತ್ತಿಗೆ ಗಮನಿಸಿರಬೇಕು. ನಡುವೆ ಕಾಟು ಹೊಡೆದದ್ದೂ ಬಹಳ. ಈ ಕಾಗದವನ್ನು ಒಂದೇ ದಿನಕ್ಕೆ ಬರೆಯುತ್ತಿಲ್ಲ. ಅರ್ಧ ತಾಸು ಬರೆದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ, ಕಣ್ಣು ಮುಚ್ಚಿ ಕೂರಬೇಕು. ಯಾಕೆ ಎನ್ನುವುದನ್ನೇ ಹೇಳಹೊರಟಿದ್ದೇನೆ.

ಮೊದಲು ಮಾವನವರ ಮಾತು. ಈ ಮನೆಯಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ ಎಂದು ನಿಮಗೆ ಗೊತ್ತೇ ಇದೆ. ನೀವು ದಂಡಿಗೆ ಲಾರಿ ನಡೆಸಲು ಹೋದಂದಿನಿಂದ ಅವರು ಹೇಳಿದ್ದನ್ನು ನಾನು ಬರೆದಿದ್ದೇನೆ, ನೀವು ಬರೆದದ್ದನ್ನು ನಾನು ಓದಿ ಹೇಳಿದ್ದೇನೆ. ನಿನ್ನೆ ಮಾವನವರು ಪಡಸಾಲೆಯಲ್ಲಿ ಕೂತು, ಮಗನಿಗೆ ಕಾಗದ ಬರೆಯುವುದಿದೆ, ದೌತಿ ತೆಗೆದುಕೊಂಡು ಬಾ ಎಂದರು. ಅತ್ತೆಯವರು ಅವರ ಬೆನ್ನ ಹಿಂದೆ ಕಂಬಕ್ಕೆ ಒರಗಿ ಕೂತಿದ್ದರು. ಅವರು ಹೇಳಿದ್ದು ಇದು, ನಾನು ಒಂದು ಮಾತನ್ನೂ ಬದಲಿಸಿಲ್ಲ:

"ಶಿವಶರಣಾ, ನಿನ್ನ ಹೇಂತಿಗೆ ತಲಿ ಸರಿ ಇಲ್ಲ. ಬಂಡಿ ಮ್ಯಾಲಿಂದ ಬಿದ್ದಾಳ ಖರೆ, ಆದರ ಬುರುಡಿ ಗಟ್ಟಿ ಐತಿ, ನಾನ ಕಿವಿ ಇಟ್ಟು ಕೇಳೀನಿ. ಅಂದಮ್ಯಾಲ ಇದು ಪೆಟ್ಟಿನ ಬ್ಯಾನಿ ಅಲ್ಲ, ಮೊದಲಿಂದ ಇದ್ದದ್ದು. ಟಿಕೋಟದ ಬೀಗರು ಮುಚ್ಚಿಟ್ಟು ಕೊಟ್ಟಾರ. ಆಕೀನ ತವರಿಗೆ ಕಳಸ್ತೀವಿ, ಕೂಸು ನಮ್ಮ ಕಡೆ ಇರ್ತೈತಿ. ನಿಮ್ಮ ಸ್ವಾದರಮಾವನ ಮಗಳು ಲಕ್ಕವ್ವನ್ನ ನಿನಗ ತರಬೇಕಂತ ಮಾಡೇವಿ. ಹೂಂ ಅಂತ ಒಂದು ಕಾಗದ ಬರಿ."

ತಲೆ ಕೆಟ್ಟವಳ ಕೈಯಿಂದಲೇ ಅವಳ ತಲೆ ಕೆಟ್ಟಿದೆ ಎಂದು ಬರೆಸುವ ಜನರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ಸಾಲಿಯ ಮಾಸ್ತರರಿಂದ ಬರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಎಲುಬು ಕಟ್ಟುವ ಶಂಕ್ರೆಪ್ಪನವರ ಮನೆಯಲ್ಲೇ ವಾಸಿಯಾಗದ ತಲೆ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಅದಕ್ಕೇ ನಾನು. ನಾನೂ ಹೂಂ ಎಂದು ಬರೆದುಕೊಂಡೆ. ಅದನ್ನೇ ಈ ಕಾಗದಕ್ಕೆ ಇಳಿಸಿದ್ದೇನೆ. ಆದರೆ ಅವರ ಮಾತು ಮುಗಿದ ಮೇಲೂ ಜಾಗ ಉಳಿದಿತ್ತು, ನನ್ನ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಹಾಳೆ ಇದ್ದವು. ಇನ್ನು ಮುಂದಿನದು ನನ್ನ ಮಾತು.

ಸಂಕ್ರಮಣಕ್ಕೆ ತವರಿಗೆ ಹೋಗಿದ್ದೆ ಎಂದು ಬರೆದಿದ್ದೆನಲ್ಲ. ಹಬ್ಬದ ನಾಲ್ಕನೆಯ ದಿನ ಹೊರಟು ಬಂದೆ. ಟಿಕೋಟಕ್ಕೆ ಜೋಳದ ಚೀಲ ಇಳಿಸಲು ಬಂದಿದ್ದ ನಮ್ಮ ಓಣಿಯ ದಾವಲಸಾಬ ಖಾಲಿ ಬಂಡಿ ಹೊಡೆದುಕೊಂಡು ಊರಿಗೆ ಮರಳುವವನಿದ್ದ, ಅಪ್ಪ ಅವನ ಜೊತೆಗೇ ಕಳಿಸಿದರು. ಬಬಲೇಶ್ವರ ಇನ್ನೇನು ಕಾಣಬೇಕು ಅನ್ನುವಾಗ ಒಂದು ಇಳಿಜಾರಿದೆ, ಕೆಳಗೆ ಮೋರಿ. ಅಲ್ಲಿ ಎಡಗಾಲಿಯ ಕಡಾಣಿ ಉಚ್ಚಿ ಗಾಲಿ ಕಳಚಿಕೊಂಡಿತು. ಬಂಡಿ ಮಗ್ಗುಲಾಯಿತು. ತಾಯವ್ವ ನನ್ನ ಕೈಯಿಂದ ಹಾರಿ, ಎತ್ತಿನ ಮೇವಿಗೆಂದು ಇಟ್ಟಿದ್ದ ಕಣಿಕೆಯ ಸಿವುಡಿನ ಮೇಲೆ ಬಿದ್ದಳು, ಒಂದು ಗೀರೂ ಇಲ್ಲ. ದಾವಲಸಾಬ ಮತ್ತು ನಾನು ಒಂದೇ ಬದಿಗೆ ಬಿದ್ದೆವು, ಒಂದೇ ಮೋರಿಯ ಕಟ್ಟೆಗೆ ಇಬ್ಬರ ತಲೆಯೂ ಬಡಿಯಿತು. ಅವನದು ಹಣೆಯ ಮೇಲ್ಭಾಗ, ರಕ್ತ ಸುರಿದು ಅಂಗಿ ತೊಯ್ದಿತ್ತಂತೆ. ನನ್ನದು ಕಿವಿಯ ಹಿಂದೆ. ತುರುಬಿನ ಮೇಲೆ ಸೆರಗಿತ್ತು, ಒಂದು ಹನಿ ರಕ್ತವೂ ಬರಲಿಲ್ಲ. ಬಿದ್ದದ್ದು ನೆನಪಿದೆ. ಆಮೇಲೆ ನೆನಪಿರುವುದು ನಮ್ಮ ಮನೆಯ ಹೊಸ್ತಿಲು. ನಡುವೆ ಬಬಲೇಶ್ವರದವರು ಬೇರೆ ಬಂಡಿ ಹೂಡಿ ನಮ್ಮನ್ನು ತಂದರು, ದಾರಿಯುದ್ದಕ್ಕೂ ನಾನು ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಇಪ್ಪತ್ತು ಸಲ ಕೇಳಿದೆ ಎನ್ನುತ್ತಾರೆ. ನನಗೆ ಅದೊಂದೂ ಗೊತ್ತಿಲ್ಲ.

ನಿಮ್ಮ ಅಪ್ಪನವರ ಪರೀಕ್ಷೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಹೊನವಾಡದಿಂದಲೂ ಜನ ಬಂದು ಅವರ ಮುಂದೆ ತಲೆಯೊಡ್ಡುತ್ತಾರೆ. ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿದರು. ಡಬ್ಬಿಯಿಂದ ಮೂರು ಒಣ ಕಡಲೆ ತೆಗೆದು ಕೊಟ್ಟು, ಒಂದೊಂದಾಗಿ ದವಡೆ ಹಲ್ಲಿನಲ್ಲಿ ಒಡೆಯಲು ಹೇಳಿ, ನೆತ್ತಿಗೆ ಕಿವಿ ಹಚ್ಚಿ ಕೇಳಿದರು. ದಾವಲಸಾಬನದು ಮೊದಲ ಕಡಲೆಗೇ ಒಡಕು ಸದ್ದು ಬಂತಂತೆ. ಬುರುಡೆ ಸೀಳಿದೆ, ಈಗಿಂದೀಗ ವಿಜಾಪುರದ ದವಾಖಾನೆಗೆ ಒಯ್ಯಿರಿ ಎಂದು ಅವರೇ ಹೇಳಿ ಕಳಿಸಿದರು. ಅದು ಅವನನ್ನು ಉಳಿಸಿತು, ಆ ಮಟ್ಟಿಗೆ ಮಾವನವರ ಕಿವಿಗೆ ನಾನು ಕೈ ಮುಗಿಯುತ್ತೇನೆ. ಆಮೇಲೆ ನನ್ನ ಸರದಿ. ಮೂರೂ ಕಡಲೆ ಒಡೆದೆ. ಮೂರಕ್ಕೂ ಸದ್ದು ಗುಂಡಗೆ ಬಂತು. ಮಾವನವರು ನಕ್ಕು ಹೇಳಿದರು, "ಗಡಿಗಿ ಗಟ್ಟಿ ಐತಿ. ಏಳವ್ವ, ರೊಟ್ಟಿ ಬಡಿ."

ಎದ್ದು ರೊಟ್ಟಿ ಬಡಿಯಲು ಕೂತೆ. ಮೂರನೆಯ ರೊಟ್ಟಿಗೆ ವಾಂತಿಯಾಯಿತು. ಅಂದಿನಿಂದ ಒಂದೂವರೆ ತಿಂಗಳು ನಾನು ಯಾರೆಂದು ನನಗೇ ಸರಿಯಾಗಿ ಗೊತ್ತಾಗದ ಹಾಗೆ ಬದುಕಿದೆ. ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು ನನ್ನ ತಲೆಯೊಳಗೇ ಬಡಿದ ಹಾಗೆ. ಅಂಗಳದ ಬಿಸಿಲಿಗೆ ಕಣ್ಣು ಬಿಡಲಾಗದು. ಬೇಳೆಗೆ ಎರಡು ಸಲ ಉಪ್ಪು ಹಾಕಿದೆ, ಮರುದಿನ ಹಾಕಲೇ ಇಲ್ಲ. ನೀರಿಗೆ ಹೋದವಳು ಬಾವಿಯ ಹತ್ತಿರ ಕೊಡ ಹಿಡಿದು ನಿಂತು ಯಾತಕ್ಕೆ ಬಂದೆ ಎಂದು ಯೋಚಿಸುತ್ತಿದ್ದೆ. ಒಂದು ದಿನ ತಾಯವ್ವ ಎರಡು ಸಲ ಅವ್ವಾ ಎಂದದ್ದಕ್ಕೆ ಅವಳ ಬೆನ್ನಿಗೆ ಹೊಡೆದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನೀವು ಇದನ್ನು ಬೇರೆಯವರಿಂದ ಕೇಳುವುದು ಬೇಡ. ನಾನು ಹಾಗೆ ಹೊಡೆಯುವವಳಲ್ಲ, ನಿಮಗೆ ಗೊತ್ತು.

ಮೊದಲು ಅತ್ತೆಯವರು ಮೈಗಳ್ಳಿ ಎಂದರು. ಆಮೇಲೆ ಗಾಳಿ ಬಡಿದಿದೆ ಎಂದು ನಿಂಬೆಹಣ್ಣು ನಿವಾಳಿಸಿ ಒಗೆದರು. ಅದಕ್ಕೂ ಬಗ್ಗಲಿಲ್ಲ. ಮಾವನವರ ಲೆಕ್ಕಾಚಾರ ಮಾತ್ರ ಸರಳ. ತಲೆಗೆ ಪೆಟ್ಟು ಬಿದ್ದರೆ ಎಲುಬು ಹೇಳುತ್ತದೆ. ಎಲುಬು ಹೇಳಲಿಲ್ಲ, ಹಾಗಾದರೆ ಪೆಟ್ಟೇ ಇಲ್ಲ. ಪೆಟ್ಟಿಲ್ಲದೆ ತಲೆ ಕೆಟ್ಟಿದ್ದರೆ ಅದು ಹುಟ್ಟಿನಿಂದ ಬಂದದ್ದು. ನಲವತ್ತು ವರ್ಷ ಅವರ ಕಿವಿ ತಪ್ಪಿಲ್ಲ, ಹಾಗಾದರೆ ತಪ್ಪಿದ್ದು ನಮ್ಮ ಅಪ್ಪ. ಇಷ್ಟು ದೂರ ಬಂದ ಮೇಲೆ ಲಕ್ಕವ್ವನ ಹೆಸರು ಬರಲು ಎಷ್ಟು ಹೊತ್ತು? ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ಅವಳನ್ನು ಯಾರೂ ಕೇಳಿಯೂ ಇಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಅಕ್ಷರ ಹರಿದಾಡಲು ಶುರುವಾಯಿತು.

ಸೋಮವಾರ. ಈಗ ಕಣ್ಣು ತಿಳಿಯಾಗಿದೆ. ಅತ್ತೆಯವರು ಹೊಲಕ್ಕೆ ಹೋಗಿದ್ದಾರೆ, ತಾಯವ್ವ ಮಲಗಿದ್ದಾಳೆ.

ದಾವಲಸಾಬ ಹನ್ನೆರಡು ದಿನ ದವಾಖಾನೆಯಲ್ಲಿದ್ದು ಮನೆಗೆ ಬಂದ. ತಲೆಗೆ ಪಟ್ಟಿ ಇತ್ತು ಅನ್ನುವುದು ಬಿಟ್ಟರೆ ಮೊದಲಿನ ದಾವಲಸಾಬನೇ. ಓಣಿಯವರೆಲ್ಲ ಹೋಗಿ ನೋಡಿ ಬಂದರು, ಹಾಲು ತುಪ್ಪ ಕೊಟ್ಟರು, ಬೇಡ ಬೇಡ ಎಂದರೂ ಅವನ ಎತ್ತುಗಳಿಗೆ ಮೇವು ಹಾಕಿದರು. ನಾನೂ ಹೋಗಿದ್ದೆ. ಅವನ ಹೆಂಡತಿ ರಾಜಬಿ ನನ್ನ ಮುಖ ನೋಡಿ, ನಾನು ಹೇಳದೆಯೇ, ಬಾಗಿಲ ಪರದೆ ಇಳಿಸಿ ಬೆಳಕು ಕಡಿಮೆ ಮಾಡಿದಳು. ಅದಕ್ಕೇ ನನಗೆ ಅಳು ಬಂತು. ಎರಡು ತಾಸು ಅವಳ ಮನೆಯಲ್ಲಿ ಮಲಗಿ ಎದ್ದೆ. ಗಂಡನ ತಲೆ ತೋರಿಸಲು ಮತ್ತೆ ವಿಜಾಪುರಕ್ಕೆ ಹೋಗುವಾಗ ನನ್ನನ್ನೂ ಕರೆದಳು. ಅತ್ತೆಯವರನ್ನು ಕೇಳಿದೆ. ಬೇಡ ಎಂದರು. ಮಾವನವರನ್ನು ಕೇಳಿದೆ. ಅವರು ಬೆನ್ನು ತಿರುಗಿಸಿದರು. ಇಬ್ಬರಿಗೂ ಹೋಗಿ ಬರುತ್ತೇನೆ ಎಂದು ಹೇಳಿ, ತಾಯವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋದೆ. ಕದ್ದು ಹೋಗಲಿಲ್ಲ. ಮನೆ ಬಿಟ್ಟು ಓಡಿ ಹೋದಳು ಎಂದು ಯಾರಾದರೂ ನಿಮಗೆ ಬರೆದರೆ ಅದು ಸುಳ್ಳು.

ವಿಜಾಪುರದ ಮೋಟಾರು ಬಸ್ಸು ಈಗ ಪೆಟ್ರೋಲಿನ ಮೇಲೆ ಓಡುವುದಿಲ್ಲ. ಹಿಂದೆ ಒಂದು ಒಲೆ ಕಟ್ಟಿ ಇದ್ದಿಲು ಹಾಕಿ ಓಡಿಸುತ್ತಾರೆ, ಏರು ಬಂದಾಗ ಗಂಡಸರು ಇಳಿದು ನೂಕಬೇಕು. ನೀವಿದ್ದಿದ್ದರೆ ಡ್ರೈವರನಿಗೆ ಎಷ್ಟು ಉಪದೇಶ ಮಾಡುತ್ತಿದ್ದಿರೋ. ಆ ಕುಲುಕಾಟಕ್ಕೆ ಗೋಳಗುಮ್ಮಟ ಕಾಣುವಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು. ಅಲ್ಲೇ ಹತ್ತಿರ ರಾಜಬಿಯ ಅಕ್ಕ ಶಹಜಾದಿಯ ಮನೆ. ನೀರು ಕುಡಿದು ದವಾಖಾನೆಗೆ ನಡೆದೆವು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ದಾವಲಸಾಬನನ್ನು ನೋಡಿ ಮುಗಿಸಿದ ಮೇಲೆ ರಾಜಬಿ ನನ್ನನ್ನು ಮುಂದೆ ನೂಕಿದಳು. ಅವರು ನನ್ನ ಬುರುಡೆಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಿದರು, ಎಲುಬು ನೆಟ್ಟಗಿದೆ ಎಂದರು. ಇವರೂ ಅದನ್ನೇ ಹೇಳಿದರಲ್ಲ ಎಂದುಕೊಂಡೆ. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಕಣ್ಣಿಗೆ ದೀಪ ಹಿಡಿದರು. ನೆಲದ ಫರಸಿ ಕಲ್ಲಿನ ಗೆರೆಯ ಮೇಲೆ ನಡೆಯಲು ಹೇಳಿದರು, ನಾನು ಎಡಕ್ಕೆ ವಾಲಿದೆ. ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಎಂದರು, ಹದಿಮೂರಕ್ಕೆ ನಿಂತೆ. ಕೊಡ, ಬೆಳ್ಳಿ, ತೊಗರಿ, ಈ ಮೂರು ಮಾತು ನೆನಪಿಟ್ಟುಕೋ ಎಂದು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಕೊಡ ಒಂದೇ ಉಳಿದಿತ್ತು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಇಡೀ ಪದ್ಯಗಳನ್ನು ಒಪ್ಪಿಸಿ ಪಾಸಾದವಳು ನಾನು. ತಲೆ ಬಗ್ಗಿಸಿ ಕೂತೆ.

ಆಗ ನಾನು ಕೇಳಿದೆ, ಇವನ ಬುರುಡೆ ಸೀಳಿದೆ, ಇವನು ಚೆನ್ನಾಗಿದ್ದಾನೆ, ನನ್ನದು ಸೀಳಿಲ್ಲ, ನಾನು ಹೀಗಾಗಿದ್ದೇನೆ, ಒಂದೇ ಕಲ್ಲು, ಇದು ಹೇಗೆ. ಡಾಕ್ಟರು ಹೇಳಿದ್ದನ್ನು ಮರೆಯಬಾರದೆಂದು ಹೊರಗೆ ಬಂದ ಕೂಡಲೇ ರಾಜಬಿಗೆ ಹೇಳಿ ಹೇಳಿ ಗಟ್ಟಿ ಮಾಡಿಸಿದೆ, ಮನೆಗೆ ಬಂದು ಬರೆದಿಟ್ಟೆ. ಅವರ ಮಾತಿನ ಸಾರ ಇಷ್ಟು. ಮೆದುಳು ಬುರುಡೆಗೆ ಅಂಟಿಕೊಂಡು ಕೂತಿಲ್ಲ, ಅದರ ಸುತ್ತ ನೀರಿದೆ. ಓಡುವ ಬಂಡಿ ಗಕ್ಕನೆ ನಿಂತರೆ ಬಂಡಿಗೆ ಏನೂ ಆಗದಿದ್ದರೂ ಒಳಗೆ ಕೂತವರು ಮುಗ್ಗರಿಸಿ ಒಬ್ಬರಿಗೊಬ್ಬರು ಬಡಿಯುತ್ತಾರೆ, ತಲೆ ಕಲ್ಲಿಗೆ ಬಡಿದು ನಿಂತಾಗ ಮೆದುಳಿಗೂ ಹಾಗೆಯೇ ಆಗುತ್ತದೆ. ಲಾರಿ ನಡೆಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ಕೆಲವು ಸಲ ಪೆಟ್ಟಿನ ಬಲ ಎಲುಬು ಒಡೆಯುವುದರಲ್ಲೇ ಒಂದಿಷ್ಟು ಕಳೆದು ಒಳಗಿನದು ಉಳಿಯುತ್ತದೆ, ದಾವಲಸಾಬನ ಅದೃಷ್ಟ ಹಾಗಿತ್ತು. ಹಾಗಂತ ಎಲುಬು ಒಡೆಯುವುದು ಒಳ್ಳೆಯದು ಎಂದು ತಿಳಿಯಬೇಡಿ ಎಂದು ಅವರು ಬೆರಳೆತ್ತಿ ಹೇಳಿದರು. ಬುರುಡೆ ಸೀಳಿದವರಿಗೆ ಒಳಗೆ ರಕ್ತ ಸೋರುವ ಭಯ ಹೆಚ್ಚು, ಅದಕ್ಕೇ ಅವನನ್ನು ಹನ್ನೆರಡು ದಿನ ಕಣ್ಣಿಟ್ಟು ಕಾದರು. ಕಡೆಯಲ್ಲಿ ಅವರು ಹೇಳಿದ ಮಾತು ಮಾತ್ರ ನನಗೆ ಯಾರೂ ನೆನಪಿಸಬೇಕಾಗಿಲ್ಲ. "ಎಲುಬು ಒಡದ್ರ ಮೆದುಳಿಗೆ ಏನಾಗೇತೋ ಅಂತ ಅಂಜಬೇಕು. ಒಡೀಲಿಲ್ಲಂದ್ರ ಏನೂ ಆಗಿಲ್ಲಂತ ಹೇಳಾಕ ಬರೂದಿಲ್ಲ ತಂಗಿ."

ಔಷಧಿ ಅಂಥದ್ದೇನೂ ಇಲ್ಲವಂತೆ. ನೆರಳು, ನಿದ್ದೆ, ಭಾರ ಎತ್ತದೆ ಇರುವುದು, ಸದ್ದು ಗದ್ದಲದಿಂದ ದೂರ. ಬಹಳ ಜನರಿಗೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ ಎಂದರು. ಎಲ್ಲರಿಗೂ ಎಂದು ಹೇಳಲಿಲ್ಲ, ನಾನೂ ಹಾಗೆಂದು ನಿಮಗೆ ಸುಳ್ಳು ಬರೆಯುವುದಿಲ್ಲ.

ಊರಿಗೆ ಬಂದ ಮೂರನೆಯ ದಿನ ಟಿಕೋಟದಿಂದ ನಮ್ಮ ಅಪ್ಪ ಬಂದರು. ಅತ್ತೆ ಮಾವನವರೇ ಹೇಳಿ ಕಳಿಸಿದ್ದರು, ಮಗಳನ್ನು ಕರೆದುಕೊಂಡು ಹೋಗು ಎಂದು. ಅಪ್ಪನ ಸ್ವಭಾವ ನಿಮಗೆ ಗೊತ್ತು, ನಾಲ್ಕು ಜನರ ಮುಂದೆ ದನಿ ಎತ್ತಿದವರಲ್ಲ. ಬೀಗ ಶಿವಯೋಗೆಪ್ಪ ಮೋಸ ಮಾಡಿದ ಎಂದು ಅತ್ತೆಯವರು ಮುಖದ ಮೇಲೆ ಹೇಳಿದರೂ ಅವರು ರುಮಾಲು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಾತು ಬೇಡ, ಬಟ್ಟೆ ಕಟ್ಟಿಕೋ, ಹೋಗೋಣ ಎಂದು ನನಗೆ ಮೆಲ್ಲಗೆ ಹೇಳಿದರು. ನನಗೆ ಸಿಟ್ಟು ಬಂದದ್ದು ಆಗಲೇ. ಅತ್ತೆಯವರ ಮೇಲಲ್ಲ, ಅಪ್ಪನ ಮೇಲೆ. ಮೋಸ ಮಾಡದವರು ಮೋಸ ಮಾಡಿದವರ ಹಾಗೆ ಯಾಕೆ ತಲೆ ತಗ್ಗಿಸಬೇಕು? ನಾನು ಬರುವುದಿಲ್ಲ ಎಂದೆ. ಹೋಗಿ ದಾವಲಸಾಬನನ್ನೂ ರಾಜಬಿಯನ್ನೂ ಕರೆದುಕೊಂಡು ಬಂದೆ.

ಕಡಲೆಯ ಡಬ್ಬಿಯನ್ನು ನಾನೇ ತಂದು ಮಾವನವರ ಮುಂದೆ ಇಟ್ಟೆ. ಇನ್ನೊಮ್ಮೆ ಕೇಳಿರಿ ಎಂದೆ. ಅವರ ಕಣ್ಣು ಕೆಂಪಾಯಿತು, ಆದರೆ ತಮ್ಮ ವಿದ್ಯೆಯನ್ನು ತೋರಿಸಿ ಎಂದರೆ ಇಲ್ಲವೆನ್ನುವ ಮನುಷ್ಯರಲ್ಲ ಅವರು. ಮೊದಲು ನಾನು ಕೂತೆ. ಮೂರು ಕಡಲೆ, ಮೂರೂ ಗುಂಡಗೆ. ಗಟ್ಟಿ ಎಂದರು. ಆಮೇಲೆ ದಾವಲಸಾಬ. ಮೊದಲನೆಯ ಕಡಲೆಗೆ ಮಾವನವರು ಹುಬ್ಬು ಗಂಟಿಕ್ಕಿದರು. ಎರಡನೆಯದು, ಮೂರನೆಯದು. ಕಿವಿ ತೆಗೆಯದೆ ನಾಲ್ಕನೆಯದನ್ನೂ ಕೊಟ್ಟರು. ಅವರು ಸುಳ್ಳು ಹೇಳಬಹುದಿತ್ತು, ಅವರಲ್ಲದೆ ಅದನ್ನು ಕೇಳಿದವರು ಯಾರೂ ಇರಲಿಲ್ಲ. ಹೇಳಲಿಲ್ಲ. ಇನ್ನೂ ಒಡಕು ಸದ್ದೇ ಬರುತ್ತಿದೆ ಎಂದರು. ನಿಮ್ಮ ಅಪ್ಪನವರ ಆ ಗುಣವನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆಗ ದಾವಲಸಾಬನಿಗೆ ಕೇಳಿದೆ, ಹೋದ ಸಂತೆಗೆ ಏನೇನು ಹೇರಿದ್ದೆ, ಯಾರ ಯಾರ ಮನೆಗೆ ಇಳಿಸಿದೆ. ಅವನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ, ಎಷ್ಟು ಚೀಲ ಜೋಳ, ಎಷ್ಟು ಕುಸುಬೆ, ಯಾವ ಎತ್ತು ಎಲ್ಲಿ ಮುಗ್ಗರಿಸಿತು ಎನ್ನುವವರೆಗೆ. ಈಗ ನನ್ನನ್ನು ಕೇಳಿರಿ ಎಂದೆ. ರಾಜಬಿ, ಇವತ್ತು ಬೆಳಿಗ್ಗೆ ಏನು ಅಡುಗೆ ಮಾಡಿದೆ ಎಂದು ಕೇಳಿದಳು. ನನಗೆ ಗೊತ್ತಾಗಲಿಲ್ಲ. ಒಲೆ ಹಚ್ಚಿದ್ದು ಗೊತ್ತು, ಹೊಗೆ ಗೊತ್ತು, ಪಾತ್ರೆಯೊಳಗೆ ಏನಿತ್ತು ಎಂದು ಹುಡುಕಿದರೆ ಬರೀ ಕತ್ತಲೆ. ಎಲ್ಲರೂ ನೋಡುತ್ತಾ ಕೂತಿದ್ದರು. ನಾನು ಸುಮ್ಮನೆ ಬದನೆಕಾಯಿ ಎನ್ನಬಹುದಿತ್ತು, ನಮ್ಮ ಮನೆಯಲ್ಲಿ ನಾಲ್ಕು ದಿನಕ್ಕೆ ಎರಡು ದಿನ ಅದೇ. ಅನ್ನಲಿಲ್ಲ. ನೆನಪಿಲ್ಲ ಎಂದೆ. ನೋಡ್ರಿ, ಹುಚ್ಚಿ ಎಂದು ತಾನೇ ಒಪ್ಪಿಕೊಂಡಳಲ್ಲ ಎಂದು ಅತ್ತೆಯವರು ಮಾತೆತ್ತಿದರು.

ನಾನು ಎದ್ದು ನಿಂತು ಹೇಳಿದೆ, "ಹುಚ್ಚಿ ಅನ್ರಿ, ಮರವಿನಾಕಿ ಅನ್ರಿ, ಏನರ ಅನ್ರಿ. ಸಂಕ್ರಮಣದ ಮುಂಚಿ ನಾ ಹಿಂಗ ಇದ್ದೆನೇನು? ಅಷ್ಟ ಹೇಳ್ರಿ. ಒಬ್ಬರರ ಹೇಳ್ರಿ."

ಓಣಿಯ ಅರ್ಧ ಮನೆಗಳ ಕಾಗದ ಬರೆದವಳು ನಾನು, ಏನಂತ ಹೇಳುತ್ತಾರೆ? ಮಾವನವರು ಡಬ್ಬಿ ಮುಚ್ಚಿ ಎದ್ದು ಹೊಲದ ಕಡೆ ಹೋದರು. ಅಪ್ಪ ಆ ದಿನ ಒಬ್ಬರೇ ಟಿಕೋಟಕ್ಕೆ ಮರಳಿದರು. ಹೋಗುವಾಗ ರುಮಾಲು ಸುತ್ತಿಕೊಂಡು, ಬೀಗರಿಗೆ ಎದುರು ನಿಂತು, "ನಾ ಏನೂ ಮುಚ್ಚಿಟ್ಟಿಲ್ರಿ" ಎಂದು ಹೇಳಿ ಹೋದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಇಷ್ಟಕ್ಕೆ ಎಲ್ಲ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಹೋದ ಗುರುವಾರ ಬಬಲೇಶ್ವರದಿಂದ ರೇವಪ್ಪ ಎನ್ನುವವನನ್ನು ಕರೆತಂದರು, ಮಾಳಿಗೆ ಮೇಲಿಂದ ಬಿದ್ದವನು. ಮಾವನವರು ಕಡಲೆ ಕಡಿಸಿದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಆಮೇಲೆ ರೇವಪ್ಪನ ಕಡೆಯವರಿಗೆ, ಎಲುಬು ಗಟ್ಟಿ ಇದೆ, ಆದರೂ ಒಬ್ಬನನ್ನೇ ಬಿಡಬೇಡಿ, ವಾಂತಿ ಮಾಡಿಕೊಂಡರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ನಿಲ್ಲದೆ ವಿಜಾಪುರಕ್ಕೆ ಒಯ್ಯಿರಿ ಎಂದರು. ಅಂದರೆ ಅವರಿಗೆ ಗೊತ್ತಾಗಿದೆ. ತಿಳಿದುಕೊಂಡಿದ್ದಾರೆ. ಆದರೆ ಅದಾದ ಎರಡನೆಯ ದಿನ ನನ್ನನ್ನೇ ಕೂರಿಸಿ ನೀವು ಮೇಲೆ ಓದಿದ ಕಾಗದವನ್ನು ಹೇಳಿ ಬರೆಸಿದರು. ಬಬಲೇಶ್ವರದ ರೇವಪ್ಪನಿಗೆ ಒಂದು ನ್ಯಾಯ, ಮನೆಯ ಸೊಸೆಗೆ ಒಂದು. ಪರರ ಮುಂದೆ ತಿದ್ದಿಕೊಳ್ಳುವುದು ಸುಲಭ, ಸೊಸೆಯ ಮುಂದೆ ಕಷ್ಟ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕಾಗಿ ನನ್ನ ಮಗಳನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ನೀವು ನನ್ನನ್ನು ನಂಬಬೇಕು ಎಂದು ನಾನು ಕೈಯೊಡ್ಡಿ ಬೇಡುವುದಿಲ್ಲ. ಸಾಕ್ಷಿ ನಿಮ್ಮ ಟ್ರಂಕಿನಲ್ಲೇ ಇದೆ. ನಾನು ಎರಡು ವರ್ಷದಿಂದ ಬರೆದ ಕಾಗದಗಳನ್ನು ಹೊರಗೆ ತೆಗೆಯಿರಿ, ಇದರ ಪಕ್ಕದಲ್ಲಿ ಇಟ್ಟು ನೋಡಿ. ಹುಟ್ಟಿನಿಂದ ಕೆಟ್ಟ ತಲೆ ಆ ಕಾಗದಗಳನ್ನು ಬರೆದಿತ್ತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇನ್ನೊಂದು. ದೀಪಾವಳಿಯ ಹೊತ್ತಿಗೆ ನೀವೇ ಬರೆದಿದ್ದಿರಿ, ಲಾರಿ ಮಗುಚಿ ನಿಮ್ಮ ಪಂಜಾಬಿ ಗೆಳೆಯ ಬಿದ್ದ, ಮೈಮೇಲೆ ಒಂದು ಗಾಯವಿಲ್ಲ, ಆದರೆ ಕೇಳಿದ್ದನ್ನೇ ಕೇಳುತ್ತಾನೆ, ಊಟ ಮಾಡಿ ಊಟ ಎಲ್ಲಿ ಎನ್ನುತ್ತಾನೆ, ಸೋಗು ಹಾಕುತ್ತಿದ್ದಾನೆ ಎಂದು ಉಳಿದವರು ಬೈದಾಗ ನೀವು ಅವರೊಂದಿಗೆ ಜಗಳಾಡಿದಿರಿ ಎಂದು. ಆ ಕಾಗದವನ್ನು ಈ ಪಡಸಾಲೆಯಲ್ಲೇ ಓದಿದ್ದೆ. ನನ್ನ ಗಂಡ ಹೀಗೆ ಎಂದು ನನಗೆ ಎಷ್ಟು ಹೆಮ್ಮೆಯಾಗಿತ್ತು. ಎಲ್ಲಿಯದೋ ಊರಿನ ಪಂಜಾಬಿಯ ಪರವಾಗಿ ನಿಂತವರು ಅಕ್ಕನಾಗಮ್ಮನ ಪರವಾಗಿ ನಿಲ್ಲಲಾರಿರಾ?

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಟಿಕೋಟಕ್ಕೆ ಹೋಗುವುದಿಲ್ಲ. ಹಬ್ಬಕ್ಕೆ ಹೋಗುತ್ತೇನೆ, ಅಪ್ಪನಿಗೆ ಹುಷಾರಿಲ್ಲದಿದ್ದರೆ ಹೋಗುತ್ತೇನೆ, ಕಳಿಸಿದರು ಎಂದು ಹೋಗುವುದಿಲ್ಲ. ಬಿಸಿಲಿಗೆ ಹೋಗುವುದಿಲ್ಲ, ಕೊಡ ಹೊರುವುದಿಲ್ಲ, ಡಾಕ್ಟರು ಹೇಳಿದಷ್ಟು ದಿನ ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಮಲಗುತ್ತೇನೆ, ಯಾರು ಏನೇ ಅಂದರೂ. ರೊಟ್ಟಿಯನ್ನು ಈಗ ಬಡಿಯದೆ ಒತ್ತಿ ಮಾಡುತ್ತೇನೆ. ದಪ್ಪ ಬರುತ್ತದೆ. ತಿನ್ನಲಿ. ಉಪ್ಪು ಹಾಕಿದ ಕೂಡಲೇ ಒಲೆಯ ಪಕ್ಕ ಒಂದು ಕಲ್ಲು ಇಡುತ್ತೇನೆ, ಕಲ್ಲು ಕಂಡರೆ ಹಾಕಿದೆ ಎಂದು ತಿಳಿಯುತ್ತದೆ. ಹದಿನೈದು ದಿನದಿಂದ ಬೇಳೆ ಕೆಟ್ಟಿಲ್ಲ. ಇವತ್ತು ಇಪ್ಪತ್ತರಿಂದ ಹಿಂದಕ್ಕೆ ಎಣಿಸಿದೆ, ಆರಕ್ಕೆ ಬಂದೆ. ತಾಯವ್ವ ಮುಂದಿನದನ್ನು ಎಣಿಸಿದಳು, ತಪ್ಪು ತಪ್ಪಾಗಿ.

ನೀವು ಆರೋಗ್ಯವಾಗಿರಿ. ಲಾರಿಯನ್ನು ನಿಧಾನವಾಗಿ ನಡೆಸಿ, ಇಳಿಜಾರಿನಲ್ಲಿ ಧಿಮಾಕು ಬೇಡ. ಕಬ್ಬಿಣದ ಟೊಪ್ಪಿಗೆ ಕೊಟ್ಟಿದ್ದರೆ ತಲೆ ಭಾರವೆಂದು ತೆಗೆದಿಡಬೇಡಿ. ದಾವಲಸಾಬ ಮತ್ತು ರಾಜಬಿ ನಿಮಗೆ ಸಲಾಮು ಹೇಳಿದ್ದಾರೆ. ತಾಯವ್ವನ ಮುತ್ತು ಈ ಕಾಗದದ ಮೂಲೆಯಲ್ಲಿದೆ, ಬೆಲ್ಲದ ಕಲೆ ಕಂಡರೆ ಅದು ಅವಳದೇ. ಬಸವಣ್ಣ ನಿಮ್ಮನ್ನು ನೆಟ್ಟಗೆ ಮನೆಗೆ ತರಲಿ.

ನಿಮ್ಮ,
ಅಕ್ಕನಾಗಮ್ಮ

ಮರೆತ ಮಾತು: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿ ಹೇಳು ಎಂದು ಮಾವನವರು ಕೇಳಿದರು. ಮೊದಲಿನಿಂದ ಎಲ್ಲವನ್ನೂ ಓದಿದೆ, ಅವರ ಮಾತನ್ನೂ, ನನ್ನದನ್ನೂ. ಅತ್ತೆಯವರು ನಡುವೆಯೇ ಎದ್ದು ಹೋದರು. ಮಾವನವರು ಕಡೆಯವರೆಗೆ ಕೂತಿದ್ದರು. ಹರಿದು ಹಾಕುತ್ತಾರೇನೋ ಎಂದು ಕಾಗದವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. "ಹಾಕು ಟಪಾಲಿಗೆ" ಎಂದರು. ಇನ್ನು ನೀವು ಹೂಂ ಎಂದು ಬರೆಯುತ್ತೀರೋ ಊಹೂಂ ಎಂದು ಬರೆಯುತ್ತೀರೋ ನನಗೆ ಗೊತ್ತಿಲ್ಲ. ಮಾಸ್ತರರ ಹೆಸರಿಗೆ ಕಳಿಸಬೇಡಿ, ಮನೆಗೇ ಕಳಿಸಿ. ನೀವು ಏನೇ ಬರೆದರೂ ಅದನ್ನು ಒಡೆದು ಓದಬೇಕಾದವಳು ನಾನೇ. ನಿಮ್ಮ ಅಪ್ಪ ಅವ್ವನ ಮುಂದೆ, ತಾಯವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತೇನೆ. ಅದನ್ನು ತಿಳಿದು ಬರೆಯಿರಿ.